ಹನ್ನೊಂದನೇ ಕಥೆ ಯಾರದ್ದು?

ಸುಮಿತ್ರಮ್ಮ ನಡುಮನೆಯಲ್ಲಿ ಬೋರಲಾಗಿ ಬಿದ್ದಿದ್ದರು. ಬಲಗೈ ಗೋಡೆ ಬೀರುವಿನ ಕಡೆಗೆ ಚಾಚಿತ್ತು. ಕನ್ನಡಕ ಮೊಳದೂರದಲ್ಲಿ ಬಿದ್ದಿತ್ತು. ಬಾಗಿಲು ತಳ್ಳಿದವಳು ನಾನೇ. ತಳ್ಳಿದ ಕೂಡಲೇ ತೆರೆದುಕೊಂಡಿತು — ಒಳಗಿನಿಂದ ಚಿಲಕ ಹಾಕಿರಲಿಲ್ಲ.

ಕೆನ್ನೆ ಮುಟ್ಟಿ ನೋಡಿದೆ. ತಣ್ಣಗಿತ್ತು.

ನಾನು ಕೊಲೆ ಕಥೆ ಬರೆಯುವವಳು. ಹೆಸರು ವನಜಮ್ಮ. ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ನಮ್ಮದೊಂದು ಮೆಡಿಕಲ್ ಶಾಪ್ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಕಥೆ ಬರೆಯುತ್ತೇನೆ. ಪ್ರತಿ ಕಥೆಯಲ್ಲೂ ಹೆಣ ಕಂಡವಳು 'ಕಿಟಾರನೆ ಕಿರುಚಿದಳು' ಎಂದು ಬರೆದಿದ್ದೇನೆ. ಶುದ್ಧ ಸುಳ್ಳು. ಆವತ್ತು ನನ್ನ ಗಂಟಲಿಂದ ಗಾಳಿಯೂ ಹೊರಡಲಿಲ್ಲ.

"ಏನೂ ಮುಟ್ಟಬೇಡ" ಎಂದಳು ನನ್ನ ಹಿಂದೆಯೇ ಬಂದ ಸರ್ವಮಂಗಳಾ.

ಬಾಳೆಹೊನ್ನೂರಿನಲ್ಲಿ ಜವಳಿ ಅಂಗಡಿ ಇಟ್ಟಿರುವ ಈ ಸರ್ವಮಂಗಳಾ ನನ್ನ ಹಳೆಯ ಗೆಳತಿ. ಅವಳೂ ಪತ್ತೇದಾರಿ ಕಥೆ ಬರೆಯುತ್ತಾಳೆ. ನನ್ನ ಕಥೆ ಓದಿದಾಗಲೆಲ್ಲ, "ಎರಡನೇ ಪುಟದಲ್ಲೇ ಕಳ್ಳ ಸಿಕ್ಕಿಬಿಟ್ಟ ಮಾರಾಯ್ತಿ, ಉಳಿದ ಪುಟ ಎಂತಕ್ಕೆ?" ಎಂದು ಕಾಡುತ್ತಾಳೆ. ಅವಳ ಬಾಯಿಗೆ ಹೆದರುತ್ತೇನೆ. ಕಣ್ಣಿಗೆ ಇನ್ನೂ ಹೆಚ್ಚು ಹೆದರುತ್ತೇನೆ.

ಅದು ಎರಡು ಸಾವಿರದ ಐದರ ಫೆಬ್ರವರಿ, ಭಾನುವಾರ. ಆ ಮಧ್ಯಾಹ್ನ ಕೊಪ್ಪದಲ್ಲಿ ನಮ್ಮ ಪುಸ್ತಕದ ಬಿಡುಗಡೆ ಇತ್ತು. ಹೆಸರು 'ಹನ್ನೊಂದು ಕೊಲೆ'. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ — ಮೂರು ತಾಲ್ಲೂಕಿನ ಹನ್ನೊಂದು ಹೆಂಗಸರು, ತಲೆಗೊಂದು ಪತ್ತೇದಾರಿ ಕಥೆ. ಸಂಪಾದಕಿ ಸುಮಿತ್ರಮ್ಮ. ಮೂವತ್ತು ವರ್ಷ ಪತ್ತೇದಾರಿ ಕಾದಂಬರಿ ಬರೆದವರು. ಬಾಡಿಗೆ ಪುಸ್ತಕದ ಅಂಗಡಿಗಳಿದ್ದ ಕಾಲದಲ್ಲಿ ಅವರ ಪುಸ್ತಕಕ್ಕೆ ಜನ ಸರದಿ ನಿಲ್ಲುತ್ತಿದ್ದರು. "ನಾನು ಬರೆದದ್ದು ಸಾಕು, ಇನ್ನು ನೀವು ಬರೀರಿ. ನಾನು ಮುನ್ನುಡಿ ಮಾತ್ರ" ಎಂದು ನಮ್ಮನ್ನೆಲ್ಲ ಎಳೆದು ತಂದಿದ್ದರು.

ಹನ್ನೊಂದನೇ ಕಥೆ ದೇವಕಿಯದು. ದೇವಕಿ ಎಂದರೆ ಸುಮಿತ್ರಮ್ಮನ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಶೃಂಗೇರಿಯ ಆ ಉದ್ದನೆಯ ಮನೆಯ ನಡುವೆ ಒಂದು ಗೋಡೆ. ಈ ಭಾಗದಲ್ಲಿ ವಿಧವೆ ಸುಮಿತ್ರಮ್ಮ ಒಬ್ಬರೇ, ಆ ಭಾಗದಲ್ಲಿ ಗಜಾನನ ಭಟ್ಟರು ಮತ್ತು ದೇವಕಿ. ಸುಮಿತ್ರಮ್ಮ ಬಾಯಲ್ಲಿ ಹೇಳುವುದು, ದೇವಕಿ ಕೂತು ಬರೆಯುವುದು — ಅಷ್ಟೂ ಕಾದಂಬರಿ ಹಾಗೇ ಆದದ್ದು. ಬರೆದೂ ಬರೆದೂ ಅವಳ ನಡುಬೆರಳು ಸೊಟ್ಟಗಾಗಿದೆ. ಅಚ್ಚಿನಲ್ಲಿ ಅವಳ ಹೆಸರು ಒಮ್ಮೆಯೂ ಬಂದದ್ದಿಲ್ಲ. ಈಗ, ಐವತ್ತೆಂಟನೇ ವಯಸ್ಸಿಗೆ, ಅವಳದೇ ಸ್ವಂತ ಕಥೆ ಅವಳ ಹೆಸರಲ್ಲಿ ಬರುವುದಿತ್ತು. ಸಂಕ್ರಾಂತಿಗೆ ಎಳ್ಳು ಕೊಡಲು ಹೋದಾಗ ನನ್ನನ್ನು ಹಿತ್ತಿಲಿಗೆ ಕರೆದು, "ವನಜಾ, ಹೆಸರು ದಪ್ಪಕ್ಷರದಲ್ಲಿ ಹಾಕ್ತಾರನಾ?" ಎಂದು ಕೇಳಿದ್ದಳು. ಪಾಪ, ಕೇಳುವಾಗ ಮುಖ ಕೆಂಪಾಗಿತ್ತು.

ಬಿಡುಗಡೆಗೆ ಮೊದಲು ಪುಸ್ತಕದ ಕಟ್ಟನ್ನು ಶಾರದಮ್ಮನ ಎದುರಿಗೆ ಇಟ್ಟು ಪೂಜೆ ಮಾಡಿಸುವುದು ಎಂದು ಮಾತಾಗಿತ್ತು. ಕಟ್ಟು ಬಿಚ್ಚುವುದು ವೇದಿಕೆಯ ಮೇಲೆಯೇ. ಬೆಳಿಗ್ಗೆ ನಾವೆಲ್ಲ ಜೀಪು ಮಾಡಿಕೊಂಡು ಶೃಂಗೇರಿಗೆ ಬಂದೆವು. ದೇವಸ್ಥಾನದ ಹೊರಗೆ ದೇವಕಿ ಒಬ್ಬಳೇ ನಿಂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಕೂದಲ ತುದಿಯಿಂದ ನೀರು ಇಳಿಯುತ್ತಿತ್ತು.

"ಸುಮಿತ್ರಮ್ಮ ಎಲ್ಲಿ ದೇವಕ್ಕ?"

"ಬರಬಹುದು. ನಾನು ಬಾಗಿಲು ತಟ್ಟಲಿಲ್ಲ."

"ಸರಿ, ನೀನಾದರೂ ಒಳಗೆ ಬಾ. ನಿನ್ನ ಪುಸ್ತಕ ಅಲ್ಲವನೇ!"

"ಮಂಡಿ ಹಿಡ್ಕಂಡಿದೆ ಮಾರಾಯ್ತಿ, ಮೆಟ್ಟಿಲು ಹತ್ತಲಿಕ್ಕೆ ಆಗೋದಿಲ್ಲ. ನೀವು ಹೋಗಿ ಬನ್ನಿ."

ನಾವು ಪೂಜೆ ಮುಗಿಸಿ ಹೊರಬಂದಾಗ ಅವಳು ಕೆಳಗೆ ತುಂಗೆಯ ದಡದಲ್ಲಿ ಕೂತು ಮೀನುಗಳನ್ನು ನೋಡುತ್ತಿದ್ದಳು. ನಾನು ಕುಂಕುಮ ಪ್ರಸಾದ ಹಿಡಿದು ಕೆಳಗಿಳಿದೆ. ಹಣೆಗೆ ಹಚ್ಚಲು ಹೋದರೆ ಹಿಂದೆ ಸರಿದಳು. "ಅಲ್ಲಿ ಕಲ್ಲ ಮೇಲಿಡು" ಎಂದಳು. ಸೆರಗನ್ನು ನನಗೆ ತಾಗದಂತೆ ಎಳೆದುಕೊಂಡಳು. ನಾನು ಕುಂಕುಮದ ಪೊಟ್ಟಣ ಕಲ್ಲ ಮೇಲಿಟ್ಟೆ. ಅವಳು ಅದನ್ನು ತೆಗೆದುಕೊಂಡಳೋ ಬಿಟ್ಟಳೋ ನೋಡಲಿಲ್ಲ. ನನ್ನ ತಲೆಯೆಲ್ಲ ಮಧ್ಯಾಹ್ನದ ಭಾಷಣದ ಮೇಲಿತ್ತು.

ಎಷ್ಟು ಕಾದರೂ ಸುಮಿತ್ರಮ್ಮ ಬರಲಿಲ್ಲ. ಕರೆತರೋಣ ಎಂದು ನಾನೂ ಸರ್ವಮಂಗಳೆಯೂ ಮನೆಗೆ ಹೋದೆವು. ಹೋದವಳು ಬಾಗಿಲು ತಳ್ಳಿದೆ.

ಸರ್ವಮಂಗಳೆಯ ಕೂಗು ಕೇಳಿ ಗಜಾನನ ಭಟ್ಟರು ಪಕ್ಕದ ಭಾಗದಿಂದ ಓಡಿ ಬಂದರು. ಆಗಷ್ಟೇ ಪೂಜೆಯಿಂದ ಎದ್ದವರು; ಹಣೆಯ ಮೇಲೆ ಗಂಧ ಹಸಿಯಾಗಿತ್ತು. "ಅತ್ತಿಗೆ!" ಎಂದು ಹೊಸ್ತಿಲಲ್ಲೇ ಕುಸಿದರು. ಆಮೇಲೆ ಶಲ್ಯದ ತುದಿಯಿಂದ ಹಣೆಯ ಗಂಧ ಒರೆಸಿಕೊಂಡರು. "ಯಾರಾದರೂ ನಮ್ಮ ದೇವರ ಕೋಣೆ ಬಾಗಿಲು ಹಾಕಿ. ಇನ್ನು ಹತ್ತು ದಿನ ನಾವು ಮುಟ್ಟೋ ಹಾಗಿಲ್ಲ" ಎಂದು ಅಳುತ್ತಲೇ ಹೇಳಿದರು.

ಡಾಕ್ಟರು ಬಂದರು, ನೋಡಿದರು. "ಹಾರ್ಟ್ ಅಟ್ಯಾಕು. ರಾತ್ರಿಯೇ ಹೋಗಿದ್ದಾರೆ. ಮೊದಲೇ ತೊಂದರೆ ಇತ್ತಲ್ಲ" ಎಂದು ಬರೆದುಕೊಟ್ಟು ಹೊರಟುಹೋದರು.

ಎಲ್ಲರೂ ಅತ್ತೆವು. ಸರ್ವಮಂಗಳಾ ಅಳಲಿಲ್ಲ. ಸುಮಿತ್ರಮ್ಮ ಕೂರುತ್ತಿದ್ದ ಬೆತ್ತದ ಕುರ್ಚಿಯನ್ನೂ ಬೀರುವನ್ನೂ ನೋಡುತ್ತಾ ನಿಂತಿದ್ದಳು.

"ವನಜಾ, ನಾಲಿಗೆ ಕೆಳಗಿಡೋ ಮಾತ್ರೆ ನಿನ್ನ ಅಂಗಡಿಯಿಂದಲೇ ತಾನೆ ಬರ್ತಿದ್ದದ್ದು? ಎಲ್ಲಿ ಇಟ್ಕೋತಿದ್ರು?"

"ಬೆಳ್ಳಿ ಕುಂಕುಮ ಭರಣಿಯಲ್ಲಿ. ಗಂಡ ಹೋದ ಮೇಲೆ ಖಾಲಿ ಬಿದ್ದಿತ್ತು, ಅದಕ್ಕೇ ಮಾತ್ರೆ ತುಂಬಿಸ್ಕೊಂಡಿದ್ರು. ಯಾವಾಗಲೂ ಕುರ್ಚಿ ಪಕ್ಕದ ಸ್ಟೂಲಿನ ಮೇಲೆ. ಕತ್ತಲಲ್ಲೂ ಕೈಗೆ ಸಿಗಬೇಕು ಅಂತಿದ್ರು."

ಸ್ಟೂಲಿನ ಮೇಲೆ ಭರಣಿ ಇರಲಿಲ್ಲ. ಸರ್ವಮಂಗಳಾ ಸೆರಗಿನಲ್ಲಿ ಹಿಡಿದು ಬೀರುವಿನ ಬಾಗಿಲು ತೆರೆದಳು. ಮೇಲಿನ ಹಲಗೆಯಲ್ಲಿ, ಪುಸ್ತಕಗಳ ಪಕ್ಕ, ಭರಣಿ ಅಚ್ಚುಕಟ್ಟಾಗಿ ಕೂತಿತ್ತು. ತುಂಬ ಮಾತ್ರೆ.

ಎದೆನೋವು ಬಂದ ಹೆಂಗಸು ಮಾತ್ರೆ ಎಲ್ಲಿದೆ ಎಂದು ತಿಳಿದೇ ಆ ಕಡೆಗೆ ತೆವಳಿದ್ದರು. ಕೈಗೆ ಸಿಗಬೇಕಾದದ್ದನ್ನು ಯಾರೋ ಅಲ್ಲಿಟ್ಟಿದ್ದರು — ಅವರ ಕಣ್ಣೆದುರಿಗೇ!

"ಇದು ಕೊಲೆ" ಎಂದೆ.

"ಮೆಲ್ಲಗೆ ಮಾತಾಡು" ಎಂದಳು. ಸ್ಟೂಲಿನ ಮೇಲಿದ್ದ ನಮ್ಮ ಪುಸ್ತಕದ ಮೊದಲ ಪ್ರತಿಯನ್ನು ತೆಗೆದು ತಿರುವಿದಳು. "ಹನ್ನೊಂದನೇ ಕಥೆ ಯಾರದ್ದು?"

"ದೇವಕ್ಕಂದು. ಅದು ಗೊತ್ತಿದ್ದದ್ದೇ ಅಲ್ಲ?"

"ನೋಡು."

ನೋಡಿದೆ. ಹೆಸರು ದಪ್ಪಕ್ಷರದಲ್ಲೇ ಇತ್ತು — ಸುಮಿತ್ರಮ್ಮ!

ಅಚ್ಚು ಹಾಕಿದವನು ಕೊಪ್ಪದ ಪ್ರೆಸ್ಸಿನ ಕಾಂತೇಶ್; ಬೆಳಿಗ್ಗೆ ಪುಸ್ತಕದ ಕಟ್ಟಿನ ಜೊತೆ ನಮ್ಮ ಜೀಪಿನಲ್ಲೇ ಬಂದಿದ್ದ. ಜೀಪಿನ ಹತ್ತಿರ ತಲೆ ತಗ್ಗಿಸಿ ನಿಂತಿದ್ದವನನ್ನು ಸರ್ವಮಂಗಳಾ ಹಿತ್ತಿಲಿಗೆ ಕರೆದಳು.

"ಹೆಸರು ಬದಲಿಸಿದ್ದು ಯಾರು ಕಾಂತೇಶಣ್ಣ?"

"ಅಮ್ಮನೇ ಫೋನ್ ಮಾಡಿ ಹೇಳಿದ್ರು. ದೇವಕಮ್ಮನ ಹೆಸರು ಹಾಕಿ ಕಂಪೋಸ್ ಮಾಡಿ ಆಗಿತ್ತು. 'ಅದು ನನ್ನದೇ, ತಪ್ಪಾಗಿದೆ, ತಿದ್ದು' ಅಂದ್ರು. ನಾನು ಎಂತ ಹೇಳಲಿ? ಅಮ್ಮನ ಕಥೆಯಲ್ಲೂ ದೇವಕಮ್ಮನ ಕಥೆಯಲ್ಲೂ ಅಕ್ಷರ ಮೊದಲಿಂದ ಒಂದೇ. ಯಾವುದು ಯಾರದ್ದು ಅಂತ ನಂಗೆ ಹೇಗೆ ಗೊತ್ತಾಗಬೇಕು?"

"ಈ ಪ್ರತಿ ತಂದುಕೊಟ್ಟದ್ದು?"

"ನಾನೇ. ನಿನ್ನೆ ಸಂಜೆ ಬೈಕಿನಲ್ಲಿ ಬಂದಿದ್ದೆ. ಚೆನ್ನಾಗೇ ಇದ್ರು. ಕಾಫಿ ಕೊಟ್ರು. ನಾನು ಹೊರಡುವಾಗ ಗಜಾನನ ಭಟ್ರು ಒಳಗೆ ಬಂದ್ರು. ಆಮೇಲೆ ಏನಾಯ್ತೋ, ಬೀದಿಗೆ ಕೇಳೋ ಹಾಗೆ ಭಟ್ರ ಧ್ವನಿ ಏರಿತ್ತು."

ನನಗೆ ಆಗಲೇ ಎಲ್ಲ ತಿಳಿದುಬಿಟ್ಟಿತು. ಅಂದರೆ, ತಿಳಿಯಿತು ಎಂದುಕೊಂಡೆ. ಮನೆ ಕೆಡವಿ ಯಾತ್ರಿಕರಿಗೆ ಲಾಡ್ಜ್ ಕಟ್ಟಬೇಕೆಂದು ಭಟ್ಟರು ಎರಡು ವರ್ಷದಿಂದ ಹಿಂದೆ ಬಿದ್ದಿದ್ದರು. ಅತ್ತಿಗೆ ಸಹಿ ಹಾಕಿರಲಿಲ್ಲ. ಭಟ್ಟರನ್ನೇ ಹಿಡಿದು ಕೇಳೋಣ ಎಂದೆ. ಕೇಳಿದೆವು.

"ಜಗಳ ಆಡಿದ್ದು ಹೌದು" ಎಂದರು ಭಟ್ಟರು. ಕಣ್ಣು ಊದಿಕೊಂಡಿತ್ತು. "ಮನೆ ವಿಷಯಕ್ಕೇ. ಬಾಯಿಗೆ ಬಂದದ್ದು ಅಂದೆ. ಅದೇ ಕೊನೆ ಮಾತಾಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಸಿಟ್ಟಲ್ಲೇ ಮನೆಗೆ ಬಂದು ಉಂಡು ಮಲಗಿದೆ."

"ಆಗ ಸುಮಿತ್ರಮ್ಮ ಚೆನ್ನಾಗಿದ್ರಾ?"

"ನನ್ನ ಹಿಂದೆಯೇ ಬಂದು ದಢಾರಂತ ಬಾಗಿಲು ಹಾಕ್ಕೊಂಡ್ರು."

"ಇವತ್ತು ಬೆಳಿಗ್ಗೆ ದೇವರ ದೀಪ ಹಚ್ಚಿದ್ದು ಯಾರು ಭಟ್ರೇ?"

ಇದೆಂಥ ಪ್ರಶ್ನೆ ಎಂದು ನನಗೇ ಸಿಡಿಮಿಡಿಯಾಯಿತು.

"ನಾನೇ. ಯಾವತ್ತೂ ಅವಳು ದೀಪ ಹಚ್ಚಿ ಹೂವಿಟ್ಟ ಮೇಲೆ ನಾನು ಪೂಜೆಗೆ ಕೂರೋದು. ಇವತ್ತು 'ನೀವೇ ಎಲ್ಲ ಮಾಡಿಕೊಳ್ಳಿ, ನಂಗೆ ಮಂಡಿ ನೋವು' ಅಂದ್ಲು."

ದೇವಕಿಯನ್ನೂ ಕೇಳಿದೆವು. "ಸಂಜೆ ಹಾಲು ಕೊಟ್ಟು ಬಂದೆ, ಅಷ್ಟೆ. ಕಾಂತೇಶಣ್ಣ ಬರೋದಕ್ಕೂ ಮುಂಚೆ. ಆಮೇಲೆ ನಾನು ಆ ಕಡೆ ಹೋಗೇ ಇಲ್ಲ" ಎಂದಳು. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ, ಎಲ್ಲರಿಂದ ದೂರ, ಒಬ್ಬಳೇ ಕೂತಿದ್ದಳು. ಸೂತಕದ ಮನೆಯಲ್ಲಿ ಹಾಗೆ ಕೂರುವುದು ಇದ್ದದ್ದೇ. ಯಾರಿಗೂ ವಿಚಿತ್ರ ಅನಿಸಲಿಲ್ಲ.

ತೀರ್ಥಹಳ್ಳಿಯಿಂದ ಸುಮಿತ್ರಮ್ಮನ ತಮ್ಮ ಬರಬೇಕಿತ್ತು. ಸಂಜೆಯೊಳಗೆ ದಹನ. ಕಾಯುತ್ತಾ ಮುಂದಿನ ಜಗಲಿಯಲ್ಲಿ ಕೂತು ನಾನು ಆ ಹನ್ನೊಂದನೇ ಕಥೆ ಓದಿದೆ. ಓದಬಾರದ ಹೊತ್ತು, ಗೊತ್ತು. ಅಳು ತಡೆಯಲು ಬೇರೆ ದಾರಿ ಇರಲಿಲ್ಲ. ಒಂದು ಮದುವೆ ಮನೆ, ಅಡುಗೆ ಭಟ್ಟನ ಹೆಣ, ಕಾಣೆಯಾದ ಚಿನ್ನದ ಅಡ್ಡಿಕೆ ಸರ. ಓದಲು ಹಿಡಿದವಳು ಹೆಣದ ಮನೆಯಲ್ಲಿ ಕೂತಿದ್ದೇನೆ ಎನ್ನುವುದನ್ನೇ ಮರೆತೆ. ನಮ್ಮ ಹತ್ತೂ ಕಥೆಗಳನ್ನು ತಂದು ಅದರ ಪಕ್ಕದಲ್ಲಿಟ್ಟರೆ ನಾಚಿಕೆಯಾಗಬೇಕು! ಸುಮಿತ್ರಮ್ಮ ಯಾಕೆ ಹಾಗೆ ಮಾಡಿದರು ಎಂಬುದೂ ಆಗ ತಿಳಿಯಿತು. ಮೂರು ವರ್ಷದಿಂದ ಅವರಿಗೆ ಒಂದು ಸಾಲೂ ಹೊಳೆದಿರಲಿಲ್ಲ. ಮುನ್ನುಡಿ ಮಾತ್ರ ಬರೆದು ಪಕ್ಕಕ್ಕೆ ಕೂರಲು ಮನಸ್ಸು ಒಪ್ಪಿರಲಿಕ್ಕಿಲ್ಲ.

"ಮುಗೀತಾ?" ಸರ್ವಮಂಗಳಾ ಬಂದು ನಿಂತಳು. "ಏಳು, ದೇವಕ್ಕನ ಹತ್ತಿರ ಹೋಗೋಣ."

"ಹುಚ್ಚಾ ನಿನಗೆ? ಅವಳು ಪುಸ್ತಕ ಕಣ್ಣಲ್ಲೂ ಕಂಡಿಲ್ಲ. ಹೆಸರು ಹೋದದ್ದು ಅವಳಿಗೆ ಗೊತ್ತೇ ಇಲ್ಲ!"

"ಬಾ."

ಹಿಂದಿನ ಜಗಲಿಯಲ್ಲಿ ದೇವಕಿ ಗೋಡೆಗೆ ಒರಗಿದ್ದಳು. ನಾವು ಹತ್ತಿರ ಹೋದರೆ ಮತ್ತೆ ಸೆರಗು ಎಳೆದುಕೊಂಡಳು. ಸರ್ವಮಂಗಳಾ ಎದುರಿಗೆ, ನೆಲದ ಮೇಲೆಯೇ ಕೂತಳು.

"ದೇವಕ್ಕ, ನಾವು ಲಿಂಗ ಕಟ್ಟಿಕೊಂಡವರು. ನಮ್ಮಲ್ಲಿ ಸೂತಕ ಇಲ್ಲ. ನಮ್ಮ ಮಾವ ತೀರಿಕೊಂಡ ದಿನವೂ ನಾನು ಲಿಂಗಪೂಜೆ ಮಾಡಿದವಳು. ಅದಕ್ಕೇ ನಿಮ್ಮವರ ಮುಟ್ಟಬೇಡ, ತಟ್ಟಬೇಡ ಎಲ್ಲ ನನ್ನ ಕಣ್ಣಿಗೆ ಬೇಗ ಬೀಳುತ್ತೆ. ಈ ವನಜಂಗೆ ಬೀಳಲ್ಲ. ಅವಳ ಮನೆಯಲ್ಲೂ ಸೂತಕ ಉಂಟು, ನೋಡಿ ನೋಡಿ ಅಭ್ಯಾಸ."

ದೇವಕಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಸರ್ವಮಂಗಳಾ ಮುಂದುವರಿಸಿದಳು.

"ಸೂತಕ ಹತ್ತೋದು ಯಾವಾಗ? ಸಾವಿನ ಸುದ್ದಿ ಕಿವಿಗೆ ಬಿದ್ದ ಮೇಲೆ. ಭಟ್ರನ್ನೇ ನೋಡು. ಬೆಳಿಗ್ಗೆ ಪೂಜೆ ಮಾಡಿ ಗಂಧ ಹಚ್ಕೊಂಡಿದ್ರು. ಅತ್ತಿಗೆಯನ್ನ ನೋಡಿದ ಮೇಲೆ ಒರೆಸ್ಕೊಂಡ್ರು. ಅಲ್ಲಿಯತನಕ ಅವರಿಗೆ ಗೊತ್ತಿರಲಿಲ್ಲ. ಅಷ್ಟು ಮಡಿಯ ಮನುಷ್ಯ, ಗೊತ್ತಿದ್ದರೆ ದೇವರನ್ನ ಮುಟ್ತಿರಲಿಲ್ಲ. ಹಂಗಾಗಿ ಭಟ್ರಲ್ಲ. ಕಾಂತೇಶಣ್ಣ ಹೋದ ಮೇಲೆ ಭಟ್ರ ಜೊತೆ ಜಗಳ ಆಡೋಕೆ ಸುಮಿತ್ರಮ್ಮ ಬದುಕಿದ್ರು. ಹಂಗಾಗಿ ಅವನೂ ಅಲ್ಲ."

"ಸಾಕು ಮಾಡೇ" ಎಂದೆ. ನನಗೆ ಮುಂದಿನದು ಬೇಡವಾಗಿತ್ತು.

"ನೀನು ಮಾತ್ರ ದೇವಕ್ಕ, ನಾವು ಬಾಗಿಲು ತಳ್ಳೋದಕ್ಕಿಂತ ಮುಂಚೆಯೇ ಸೂತಕ ಹಿಡಿದಿದ್ದೆ. ತಲೆಗೆ ಸ್ನಾನ. ದೀಪ ಹಚ್ಚಲಿಲ್ಲ. ನಾಲ್ಕು ಮೆಟ್ಟಿಲು ಹತ್ತಿ ಶಾರದಮ್ಮನವರ ಹತ್ತಿರ ಬರಲು ಮಂಡಿನೋವು. ಅಷ್ಟೊಂದು ಮೆಟ್ಟಿಲಿಳಿದು ಹೊಳೆಗೆ ಹೋಗಲು ನೋವಿಲ್ಲ. ಕುಂಕುಮ ಮುಟ್ಟಲಿಲ್ಲ. ವನಜನ್ನೂ ಮುಟ್ಟಲಿಲ್ಲ. ಯಾರು ಸತ್ತಿದ್ರು ದೇವಕ್ಕ, ಅಷ್ಟು ಹೊತ್ತಿಗೆ? ಯಾರ ಸೂತಕ ಅದು?"

ಒಳಗೆ ಯಾರೋ ಹೊಸದಾಗಿ ಬಂದವರು ಅಳಲು ಶುರುಮಾಡಿದರು.

"ಸುಳ್ಳು ಹೇಳಲು ಕಷ್ಟ ಆಗಲಿಲ್ಲ" ಎಂದಳು ದೇವಕಿ. "ಸೂತಕ ಇಟ್ಕೊಂಡು ಅಮ್ಮನವರ ಎದುರು ನಿಲ್ಲಲಿಕ್ಕೆ ಮಾತ್ರ ಆಗಲಿಲ್ಲ."

"ದೇವಕ್ಕಾ!" ನನಗೆ ಅಳು ಬಂತು.

"ಇವರು ಜಗಳ ಆಡಿ ಬಂದು ಮಲಗಿದ್ರು. ಅಕ್ಕಯ್ಯ ಸಿಟ್ಟಲ್ಲಿ ಊಟ ಮಾಡಿರಲ್ಲ ಅಂತ ನಾನು ಅನ್ನ ತಗಂಡು ಹೋದೆ. ಪುಸ್ತಕ ಸ್ಟೂಲಿನ ಮೇಲಿತ್ತು. ಖುಷಿಯಲ್ಲಿ ತೆಗೆದು ನೋಡಿದೆ." ತನ್ನ ಸೊಟ್ಟ ಬೆರಳನ್ನು ಒಮ್ಮೆ ನೋಡಿಕೊಂಡಳು. "ಎಂತಕ್ಕೆ ಹೀಗೆ ಮಾಡಿದ್ರಿ ಅಂತ ಕೇಳಿದೆ. 'ನಿನ್ನ ಹೆಸರು ಹಾಕಿದ್ರೆ ಯಾರು ಓದ್ತಾರೆ ಕೂಸೇ, ನನ್ನ ಹೆಸರಲ್ಲಿ ಬಂದ್ರೆ ಕಥೆಗೇ ಒಳ್ಳೇದು' ಅಂದ್ರು. ನಗ್ತಾ ಅಂದ್ರು. ನಾನು ಜೋರು ಮಾಡಿದೆ. ಯಾವತ್ತೂ ಜೋರು ಮಾಡಿದವಳಲ್ಲ ನಾನು. ಅವರೂ ಜೋರು ಮಾಡಿದ್ರು. ಆಗ ಎದೆ ಹಿಡ್ಕಂಡ್ರು."

"ಭರಣಿ?"

"ಕೊಡಲಿಕ್ಕೇ ಕೈಗೆ ತಗಂಡೆ. ತಗಂಡವಳು ಕೊಡಲಿಲ್ಲ. 'ಮೊದಲು ಹೇಳಿ, ಹನ್ನೊಂದನೇ ಕಥೆ ಯಾರದ್ದು?' ಅಂತ ಕೇಳಿದೆ. 'ನಿಂದು, ನಿಂದೇ ಮಾರಾಯ್ತಿ, ಮಾತ್ರೆ ಕೊಡು' ಅಂದ್ರು. ಅಷ್ಟು ವರ್ಷದಲ್ಲಿ ಮೊದಲನೇ ಸಲ ಅಂದದ್ದು. ನಂಗೆ ಇನ್ನೊಂದು ಸಲ ಕೇಳಬೇಕು ಅನ್ನಿಸ್ತು. 'ಇನ್ನೊಂದು ಸಲ ಹೇಳಿ' ಅಂದು ಭರಣಿಯನ್ನ ಬೀರುವಿನಲ್ಲಿಟ್ಟು ಬಾಗಿಲು ಹಾಕಿ ನಿಂತೆ. ಅವರು ಎದ್ದು ಬರಲು ನೋಡಿದ್ರು. ಹೇಳಲಿಕ್ಕೆ ಆಗಲಿಲ್ಲ ಅವರಿಗೆ."

ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯಲಿಲ್ಲ. ಒಳಗೆ ಮಲಗಿಸಿದ್ದವರ ಮೇಲೂ ಸಿಟ್ಟು ಬಂತು, ಹೊರಗೆ ಕೂತವಳ ಮೇಲೂ ಬಂತು.

"ಮತ್ತೆ ನಾನು ಬಿದ್ದವರನ್ನ ದಾಟಿಕೊಂಡು ಬಂದೆ" ಎಂದಳು ದೇವಕಿ. "ದಾಟಿಕೊಂಡೇ ಬಂದೆ ವನಜಾ."

ಸರ್ವಮಂಗಳಾ ಎದ್ದಳು. ಅವಳ ಧ್ವನಿಯೂ ಒಡೆದಿತ್ತು. "ಡಾಕ್ಟರು ಬರೆದುಕೊಟ್ಟಾಗಿದೆ. ನಾನು ಪೊಲೀಸಲ್ಲ. ಆದರೆ ಸಂಜೆ ಬೆಂಕಿ ಇಟ್ಟ ಮೇಲೆ ಬೇರೆ ಸಾಕ್ಷಿ ಉಳಿಯಲ್ಲ, ನೀನೇ ಬಾಯಿ ಬಿಟ್ಟು ಹೇಳಬೇಕು."

"ಬತ್ತೆ" ಎಂದಳು ದೇವಕಿ. "ಸ್ಟೇಷನ್ನಿಗೆ ಈಗಲೇ ಬತ್ತೆ. ಇವರಿಗೆ ನೀವೇ ಹೇಳಿ, ನನ್ನ ಕೈಲಾಗೋದಿಲ್ಲ. ಇಂಥವಳ ಕೈಯಲ್ಲಿ ಅನ್ನ ಉಂಡೆ ಅಂತ ಅಂದ್ಕೊಳ್ತಾರೆ."

ಸರ್ವಮಂಗಳಾ ಭಟ್ಟರನ್ನು ಹುಡುಕಿಕೊಂಡು ಒಳಗೆ ಹೋದಳು. ನಾನು ಅಲ್ಲೇ ನಿಂತೆ. ನನ್ನ ಕೈಯಲ್ಲಿ ಪುಸ್ತಕ ಇನ್ನೂ ಇತ್ತು. ಹನ್ನೊಂದನೇ ಕಥೆಯ ನಡುವೆ ಬೆರಳು ಸಿಕ್ಕಿಸಿಕೊಂಡಿದ್ದೆ. ದೇವಕಿ ಅದನ್ನೇ ನೋಡುತ್ತಿದ್ದಳು.

"ಓದಿದ್ಯಾ?" ಎಂದು ಕೇಳಿದಳು.

"ಓದಿದೆ."

"ಅಕ್ಕಯ್ಯ ಓದಿದ ಮೇಲೂ ಏನೂ ಹೇಳಿರಲಿಲ್ಲ. ಹೇಗಿದೆ?"

ಸೂತಕವೋ ಗೀತಕವೋ ಹಾಳಾಗಿ ಹೋಗಲಿ ಎಂದು ಹತ್ತಿರ ಕೂತು ಅವಳ ಕೈ ಹಿಡಿದುಕೊಂಡೆ. ಈ ಸಲ ಅವಳು ಎಳೆದುಕೊಳ್ಳಲಿಲ್ಲ.

"ಕೊನೆ ಪುಟದ ತನಕ ಕೊಲೆಗಾರ ಯಾರು ಅಂತ ಗೊತ್ತಾಗಲಿಲ್ಲ ದೇವಕ್ಕ. ನಾನು ಮದುಮಗನ ಅಪ್ಪನ ಮೇಲೆ ಅನುಮಾನ ಪಟ್ಟಿದ್ದೆ."

"ಹೌದಾ?" ಅವಳ ಮುಖ ಅರಳಿತು. ನಿಜವಾಗಿಯೂ ಅರಳಿತು, ಆ ಮುಖ ನನಗೆ ಈಗಲೂ ಮರೆಯಲಾಗುವುದಿಲ್ಲ. "ಎಲ್ಲರೂ ಅವನ ಮೇಲೇ ಪಡಲಿ ಅಂತ ಅಷ್ಟು ಕಷ್ಟಪಟ್ಟು ಬರೆದದ್ದು ಮಾರಾಯ್ತಿ!"

ಒಳಗೆ ಭಟ್ಟರು ಒಂದು ಸಲ ಜೋರಾಗಿ ಕೂಗಿದ್ದು ಕೇಳಿಸಿತು. ದೇವಕಿ ಗೋಡೆ ಹಿಡಿದು ಎದ್ದಳು, ಸೆರಗು ಸರಿಮಾಡಿಕೊಂಡಳು.

"ಹೋಗುವ" ಎಂದಳು.